ಶೇಂಗಾ ಬೆಣ್ಣಿ ಬಿಸ್ಕೀಟು ಎಲ್ಲಿಂದ ಬಂತು

ಹೋದ ರವಿವಾರ ಮಗಳು ಬಂದಾಕಿ ಒಂದು ಡಬ್ಬಿ ಪೀನಟ್ ಬಟರ್ ತಂದು ಅಡಿಗಿ ಕಟ್ಟಿ ಮ್ಯಾಲೆ ಇಟ್ಳು. "ಅವ್ವಾ, ಇದನ್ನ ಹಾಕಿ ಕುಕೀಸ್ ಮಾಡೂಣು" ಅಂದ್ಳು. ಡಬ್ಬಿ ಮ್ಯಾಲಿನ ರೇಟು ನೋಡಿ ನನಗ ನಗಿ ಬಂತು. ಶೇಂಗಾ ಹುರದು, ಸಿಪ್ಪಿ ಕೇರಿ, ಮಿಕ್ಸರಿನ್ಯಾಗ ನಾಕು ಸುತ್ತು ಜಾಸ್ತಿ ತಿರುವಿದ್ರ ಅದ ಆತಲ್ಲ! ಶೇಂಗಾ ಹೋಳಿಗಿಗೆ ಪುಡಿ ಮಾಡುವಾಗ ಮೈಮರತು ತಿರುವಿ, ಪುಡಿ ಹೋಗಿ ಎಣ್ಣಿ ಬಿಟ್ಟು ಮುದ್ದಿ ಆಗಿ, ಅತ್ತಿಯವರ ಕಡೆ ಬೈಸ್ಕೊಂಡಿಲ್ಲೇನ್ರಿ ನಾವೆಲ್ಲಾರೂ? ಆ ತಪ್ಪಿಗೇ ಅಮೆರಿಕಾದಾಗ ಒಂದು ಹೆಸರಿಟ್ಟು ಮಾರ್ತಾರ.

ಮಾಡಿದ್ವಿ ಬಿಡ್ರಿ. ಅಳತಿ ಕೇಳೋರು ಇರ್ತೀರಿ, ಮೊದಲ ಹೇಳಿಬಿಡ್ತೇನಿ. ಒಂದು ಬಟ್ಟಲ ಶೇಂಗಾ ಬೆಣ್ಣಿ, ಮುಕ್ಕಾಲು ಬಟ್ಟಲ ಬೆಲ್ಲದ ಪುಡಿ, ಒಂದು ಬಟ್ಟಲ ಗೋಧಿ ಹಿಟ್ಟು, ಬೀಜ ತಗದು ಬಿಸಿ ಹಾಲಿನ್ಯಾಗ ನೆನಸಿ ರುಬ್ಬಿದ 10-12 ಖರ್ಜೂರ, ಎರಡು ಚಮಚ ತುಪ್ಪ, ಕಾಲು ಚಮಚ ಅಡಿಗಿ ಸೋಡಾ, ಒಂದು ಚಿಟಿಕಿ ಉಪ್ಪು. ಖರ್ಜೂರ ನೆನಸಿದ ಹಾಲು ಎರಡು ಮೂರು ಚಮಚಕ್ಕಿಂತ ಜಾಸ್ತಿ ಬ್ಯಾಡ, ಹಿಟ್ಟು ಸಡ್ಲಾಗ್ತದ. ಓವನ್ ನಮ್ಮ ಮನ್ಯಾಗ ಇಲ್ಲ. ದಪ್ಪ ತಳದ ಬೋಗೋಣಿಗೆ ಉಪ್ಪು ಹರವಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಸಿ, ತಾಟು ಒಳಗಿಟ್ಟು ಸಣ್ಣ ಉರಿಗೆ 20 ನಿಮಿಷ ಬಿಟ್ಟೆ. ತಗದಾಗ ಮೆತ್ತಗ ಇರ್ತಾವ, ಹಸಿ ಉಳದಾವ ಅಂತ ಮತ್ತ ಒಳಗ ಇಡಬ್ಯಾಡ್ರಿ. ಆರಿದ ಮ್ಯಾಲೆ ಗಟ್ಟಿ ಆಗ್ತಾವ. ಮೊದಲನೇ ತಾಟು ನಾ ಹಂಗ ಮಾಡೇ ಕರಕು ಮಾಡಿದೆ.

ಇನ್ನ ಕತಿಗೆ ಬರ್ತೇನಿ. ಉಂಡಿ ಕಟ್ಟಿ ತಾಟಿನ್ಯಾಗ ಇಟ್ಟಮ್ಯಾಲೆ ಮಗಳು ಫೋರ್ಕ್ ತಗೊಂಡು ಒಂದೊಂದರ ಮ್ಯಾಲೂ ಅಡ್ಡ ಒಮ್ಮಿ, ಉದ್ದ ಒಮ್ಮಿ ಒತ್ತಿದ್ಳು. ಚೌಕಳಿ ಸೀರಿ ಹಂಗ ಗೆರಿ ಬಿದ್ವು. "ಯಾಕವಾ ಹಿಂಗ?" ಅಂದ್ರ, "ಪೀನಟ್ ಬಟರ್ ಕುಕೀಸಿಗೆ ಹಿಂಗ ಮಾಡಬೇಕು, ಎಲ್ಲಾರೂ ಮಾಡ್ತಾರ" ಅಂದ್ಳು. ಎಲ್ಲಾರೂ ಮಾಡ್ತಾರ ಅನ್ನೋ ಮಾತಿಗೆ ನನಗ ಸಮಾಧಾನ ಆಗಂಗಿಲ್ಲ, ನಿಮಗ ಗೊತ್ತೈತಿ. ನಾಕು ದಿನ ಮಧ್ಯಾಹ್ನದ ನಿದ್ದಿ ಬಿಟ್ಟು ಓದಿದೆ. ಫೋರ್ಕಿನ ಗೆರಿ ಹುಡುಕಾಕ ಹೋಗಿ ಎಲ್ಲೆಲ್ಲೋ ಹೋದೆ.

ಶೇಂಗಾ ನಮ್ಮದಲ್ರಿ. ನಮ್ಮ ಜ್ವಾಳದ ರೊಟ್ಟಿ ಬಾಜೂಕ ಶೇಂಗಾ ಹಿಂಡಿ ಇಲ್ಲಂದ್ರ ಊಟ ಮುಗಿಯಂಗಿಲ್ಲ, ಆದ್ರ ಅದು ಹುಟ್ಟಿದ್ದು ದಕ್ಷಿಣ ಅಮೆರಿಕಾದಾಗ, ಈಗಿನ ಬೊಲಿವಿಯಾ, ಅರ್ಜೆಂಟಿನಾ ಕಡೆ. ಪೆರು ದೇಶದಾಗ ಸಿಪಾನ್ ಅನ್ನೋ ಊರಾಗ 1987ರಾಗ ಒಬ್ಬ ಹಳೇ ದೊರಿಯ ಗೋರಿ ಸಿಕ್ತು. ಅವನ ಕೊಳ್ಳಾಗ ಬಂಗಾರದ, ಬೆಳ್ಳಿಯ ಶೇಂಗಾಕಾಯಿ ಪೋಣಿಸಿದ ಸರ ಇತ್ತು. ನಾವು ಬೋರಮಾಳ ಸರ ಮಾಡಿಸಿದಂಗ ಅವರು ಶೇಂಗಾ ಸರ ಮಾಡಿಸಿದ್ರು! ಅಲ್ಲಿಂದ ಪೋರ್ತುಗೀಸರ ಹಡಗಿನ್ಯಾಗ ಆಫ್ರಿಕಾಕ್ಕ ಹೋತು. ಆಫ್ರಿಕಾದಿಂದ ಗುಲಾಮರನ್ನ ಹಿಡಕೊಂಡು ಹೋದ ಹಡಗಿನ ಸಂಗಾಟ ಮತ್ತ ಉತ್ತರ ಅಮೆರಿಕಾಕ್ಕ ಬಂತು. ಅಮೆರಿಕಾದ ದಕ್ಷಿಣದ ಮಂದಿ ಇವತ್ತಿಗೂ ಶೇಂಗಾಕ್ಕ "ಗೂಬರ್" ಅಂತಾರಂತ. ಅದು ಆಫ್ರಿಕಾದ ಕಾಂಗೋ ಭಾಷಾದ "ಎನ್‌ಗೂಬಾ" ಅನ್ನೋ ಶಬ್ದ. ಊರು, ಮನಿ, ಮಕ್ಕಳು ಎಲ್ಲಾ ಕಸಗೊಂಡ್ರೂ ಬಾಯಾಗಿನ ಒಂದು ಶಬ್ದ ಉಳೀತು ನೋಡ್ರಿ.

ಈ ಗುಲಾಮರ ಹೊಟ್ಟಿಲೇ ಹುಟ್ಟಿದವರು ಜಾರ್ಜ್ ವಾಷಿಂಗ್ಟನ್ ಕಾರ್ವರ್. 1864ರ ಸುಮಾರಿಗೆ ಮಿಸೌರಿ ರಾಜ್ಯದ ಡೈಮಂಡ್ ಅನ್ನೋ ಹಳ್ಳಿಯೊಳಗ ಹುಟ್ಟಿದ್ದು. ಕೂಸು ಇದ್ದಾಗಲೇ ದರೋಡೆಕೋರರು ತಾಯಿ ಮೇರಿ ಮತ್ತ ಈ ಕೂಸು ಇಬ್ಬರನ್ನೂ ಎತ್ತಿಕೊಂಡು ಹೋದ್ರು. ಮಾಲಕ ಒಂದು ಕುದರಿ ಕೊಟ್ಟು ಕೂಸನ್ನ ತಿರುಗಿ ತರಿಸಿದ. ತಾಯಿ ಕಡೀತನಕ ಸಿಗಲಿಲ್ಲ. ಕೂಸು ಭಾಳ ಅಶಕ್ತ, ಹೊಲದ ಕೆಲಸಕ್ಕ ಬರಂಗಿಲ್ಲ ಅಂತ ಮಾಲಕನ ಹೆಂಡತಿ ಸೂಸನ್ ಮನಿಯೊಳಗ ಇಟ್ಟುಕೊಂಡು ಅಡಿಗಿ, ಹೊಲಿಗಿ, ಅರಿವಿ ಒಗಿಯೂದು ಕಲಿಸಿದ್ಲು. ಓದಾಕ ಬರಿಯಾಕ ಶುರು ಮಾಡಿಸಿದಾಕಿನೂ ಆಕೀನ. ಮುಂದ ಒಂದು ಕಾಲೇಜಿನವರು ಕರೀ ಮೈಬಣ್ಣ ನೋಡಿ ಬಾಗಲದಿಂದ ತಿರುಗಿ ಕಳಿಸಿದ್ರೂ ಬಿಡದ ಅಯೋವಾದಾಗ ಕೃಷಿ ಓದಿ, 1896ರಾಗ ಅಲಬಾಮಾದ ಟಸ್ಕೀಗಿ ಅನ್ನೋ ಊರಿನ ಶಾಲೆಗೆ ಬಂದ್ರು. ಕರಿಯ ಮಕ್ಕಳಿಗಂತ ಬುಕರ್ ವಾಷಿಂಗ್ಟನ್ ಅವರು ಕಟ್ಟಿದ ಶಾಲೆ ಅದು. ಸಾಯೂತನಕ ಅಲ್ಲೇ ಇದ್ರು.

ಗುಲಾಮಗಿರಿ ಕಾಯ್ದೆದಾಗ ಹೋಗಿತ್ತು, ಖರೆ. ಹೊಲ ಮಾತ್ರ ಸಾಹುಕಾರರದು. ಬಡವರು ಕೋರಪಾಲಿಗೆ ಹೊಲ ಮಾಡೋರು. ಬಿತ್ತಾಕ ಬೀಜ, ಮನಿಗೆ ಹಿಟ್ಟು, ಹುಡುಗೂರಿಗೆ ಅರಿವಿ ಎಲ್ಲಾ ಸಾಹುಕಾರನ ಅಂಗಡ್ಯಾಗ ಉದ್ರಿ. ಹತ್ತಿ ಬಂದಮ್ಯಾಲೆ ಲೆಕ್ಕ. ಲೆಕ್ಕ ಬರದಾವ ಸಾಹುಕಾರ, ಹೆಬ್ಬಟ್ಟು ಒತ್ತಿದಾವ ಒಕ್ಕಲಿಗ. ಇದು ಓದುವಾಗ ನನಗ ಅಲಬಾಮಾ ಅಂತ ಅನಿಸಲೇ ಇಲ್ಲ. ಗದಗ ಸೀಮಿಯ ನಮ್ಮ ತವರೂರಿನ ಎರಿ ಹೊಲ, ಹತ್ತಿ ಅಂಡಿಗಿ, ಅಡತಿ ಅಂಗಡಿ ಕಣ್ಣ ಮುಂದ ಬಂದ್ವು.

ವರ್ಷಾ ವರ್ಷಾ ಹತ್ತಿ ಬಿತ್ತಿ ಬಿತ್ತಿ ಭೂಮಿ ಸತ್ವ ಕಳಕೊಂಡಿತ್ತು. ಅದರ ಮ್ಯಾಲೆ 1892ರ ಸುಮಾರಿಗೆ ಮೆಕ್ಸಿಕೋ ಕಡಿಂದ ಒಂದು ಮೂತಿಹುಳ ಟೆಕ್ಸಸ್ಸಿಗೆ ದಾಟಿ, ಹತ್ತಿಕಾಯಿ ಕೊರಕೋತ ಪೂರ್ವಕ್ಕ ಬಂದು, 1910ರ ನಂತರ ಅಲಬಾಮಾದ ಹೊಲಾನೂ ಹಾಳು ಮಾಡ್ತು. ಕಾರ್ವರ್ ಹೇಳಿದ್ದು ಒಂದ ಮಾತು: ಹತ್ತಿ ಬಿಟ್ಟು ಒಂದು ವರ್ಷ ಶೇಂಗಾ, ಅಲಸಂದಿ ಬಿತ್ರಿ. ಅವುಗಳ ಬೇರಿನ ಗಂಟು ಗಾಳಿಯೊಳಗಿನ ಸಾರಜನಕ ಹಿಡದು ಮಣ್ಣಿಗೆ ಸೇರಸ್ತಾವ, ದುಡ್ಡು ಕೊಟ್ಟು ಗೊಬ್ಬರ ತರೂದು ಬ್ಯಾಡ. ಕೇಳಾಕ ರೈತರು ಶಾಲೆಗೆ ಬರಂಗಿಲ್ಲಂತ, 1906ರಿಂದ ಒಂದು ಗಾಡಿಯೊಳಗ ಬೀಜ, ಸಲಕರಣಿ ಹೇರಿಕೊಂಡು ಹಳ್ಳಿ ಹಳ್ಳಿಗೆ ಶಾಲೆನ ಕಳಿಸಿದ್ರು.

ಅಲಬಾಮಾದ ಎಂಟರ್‌ಪ್ರೈಸ್ ಅನ್ನೋ ಊರಿನವರು ಹತ್ತಿ ಹೋದ ಮ್ಯಾಲೆ ಶೇಂಗಾ ಬಿತ್ತಿ ಎಷ್ಟು ಉದ್ಧಾರ ಆದ್ರಂದ್ರ, 1919ರ ಡಿಸೆಂಬರದಾಗ ಆ ಮೂತಿಹುಳಕ್ಕ ಊರ ನಡುವ ಒಂದು ಸ್ಮಾರಕ ಕಟ್ಟಿಸಿದ್ರು. ಹೆಣ್ಣಿನ ಮೂರ್ತಿ. ಆಕಿ ಕೈಯಾಗ ಹುಳ ಕೂತದ್ದು ಮಾತ್ರ 1949ರಾಗ.

ಬೆಳದ ಶೇಂಗಾ ಏನು ಮಾಡೂದು? ಇಲ್ಲಿ ಅಡಿಗಿಮನಿ ಬಂತು. 1916ರಾಗ ಕಾರ್ವರ್ ಒಂದು ಸಣ್ಣ ಪುಸ್ತಕ ಹೊರಗ ತಂದ್ರು. ಶೇಂಗಾ ಬೆಳಿಯೂದು ಹೆಂಗ, ಮನುಷ್ಯಾರು ತಿನ್ನಾಕ ಅದನ್ನ 105 ರೀತಿ ಮಾಡೂದು ಹೆಂಗ ಅಂತ ಅದರ ಹೆಸರು. ಸಾರು, ಬ್ರೆಡ್ಡು, ಐಸ್‌ಕ್ರೀಮ್ ಎಲ್ಲಾ ಅದಾವ. ಶೇಂಗಾ ಕುಕೀಸೂ ಅದಾವ, ಒಂದಲ್ಲ ಮೂರು ತರಹ. ನಮ್ಮ ಬಿಸ್ಕೀಟಿನ ಹಿರೇರು ಇವು. ಆದ್ರ ಅವುಕ್ಕ ಹಾಕಿದ್ದು ಕುಟ್ಟಿದ ಶೇಂಗಾ, ಬೆಣ್ಣಿ ಅಲ್ಲ. ಪಾಕಕೃತಿಗಳೆಲ್ಲಾ ತನ್ನವ ಅಂತ ಅವರು ಹೇಳಲಿಲ್ಲ. ಅಲ್ಲಿಂದ ಇಲ್ಲಿಂದ ಕೂಡಿಸಿ, ಓದಾಕ ಬರೋ ಒಬ್ಬ ಬಡವಿ ಮಾಡೂ ಹಂಗ ಬರದಿದ್ರು. ಸಣ್ಣವರಿದ್ದಾಗ ಒಲಿ ಮುಂದ ಕೂತು ಕಲತದ್ದು ಎಲ್ಲಿ ಹೋಗ್ತದ?

ಪೀನಟ್ ಬಟರ್ ಕಂಡುಹಿಡದವರೂ ಇವರ ಅಂತ ಮೊಬೈಲಿಗೆ ಬರ್ತಾವಲ್ಲ, ಅದು ಸುಳ್ಳು. 1884ರಾಗ ಕೆನಡಾದ ಮಾರ್ಸೆಲಸ್ ಎಡ್ಸನ್ ಅನ್ನಾವ ಶೇಂಗಾ ಮುದ್ದಿಗೆ ಪೇಟೆಂಟ್ ತಗೊಂಡಿದ್ದ. 1895ರಾಗ ಬ್ಯಾಟಲ್ ಕ್ರೀಕಿನ ಡಾಕ್ಟರ್ ಕೆಲಾಗ್, ಕಾರ್ನ್‌ಫ್ಲೇಕ್ಸಿನವರು, ಮಾಂಸ ಬಿಟ್ಟ ರೋಗಿಗಳಿಗಂತ ಇನ್ನೊಂದು ತರಹ ಮಾಡಿದ್ರು. ಹಂಗಾಗಿ ಮೊದಲಿಗೆ ಅದು ದುಡ್ಡಿದ್ದವರ ಆಸ್ಪತ್ರೆ ಊಟ. 1920ರ ದಶಕದಾಗ ಜೋಸೆಫ್ ರೋಸ್‌ಫೀಲ್ಡ್ ಅನ್ನಾವ ಎಣ್ಣಿ ಮ್ಯಾಲೆ ತೇಲದಂಗ ಮಾಡೂದು ಕಂಡುಹಿಡದ ಮ್ಯಾಲೆ ಡಬ್ಬಿ ಅಂಗಡ್ಯಾಗ ತಿಂಗಳಗಟ್ಟಲೇ ಕೂಡಾಕ ಹತ್ತಿದ್ವು. 1929ರ ನಂತರ ಅಮೆರಿಕಾದಾಗ ಕೆಲಸ ಹೋಗಿ ಮಂದಿ ಉಪವಾಸ ಬಿದ್ದಾಗ ಮಾಂಸ, ಹಾಲಿನ ಬೆಣ್ಣಿ ಕೈಗೆ ಎಟುಕಲಿಲ್ಲ, ಶೇಂಗಾ ಬೆಣ್ಣಿ ಎಟುಕಿತು. ಆವಾಗ, 1930ರ ದಶಕದ ಮೊದಲಿಗೆ, ಹಿಟ್ಟಿನ ಕಂಪನಿ ಪುಸ್ತಕದಾಗ, ಪೇಪರಿನ್ಯಾಗ, ಶೇಂಗಾ ಬೆಣ್ಣಿ ಕಲಸಿ ಉಂಡಿ ಮಾಡಿ ಫೋರ್ಕಿನ್ಲೆ ಒತ್ರಿ ಅಂತ ಬಂತು. ಈ ಹಿಟ್ಟು ದಟ್ಟ, ತಾನಾಗೇ ಹರವಂಗಿಲ್ಲ. ಒತ್ತಲಿಲ್ಲ ಅಂದ್ರ ಅಂಚು ಸುಟ್ಟು ನಡುವ ಹಸಿ ಉಳೀತಾವ. ಗೆರಿ ಚಂದಕ್ಕಲ್ಲ, ಬೇಯಾಕ. ನಮ್ಮ ತಾಟು ಒತ್ತೂ ಮುಂದ ಮಗಳಿಗೆ ಇದನ್ನ ಹೇಳಾಕ ಬರ್ತಿತ್ತು, ಈಗ ಫೋನಿನ್ಯಾಗ ಹೇಳೇನಿ.

ಇಷ್ಟಕ್ಕ ಮುಗಿಸ್ತಿದ್ದೆ. ಆದ್ರ ಓದೂ ಹೊತ್ತಿನ್ಯಾಗ ಒಂದು ರೋಗದ ಹೆಸರು ಬಂತು, ಪೆಲಾಗ್ರಾ ಅಂತ. ಅದು ನನ್ನ ಎರಡು ರಾತ್ರಿ ನಿದ್ದೀನೂ ತಗೊಂತು.

ಆ ಹತ್ತಿ ಸೀಮಿ ಬಡವರ ಊಟ ಅಂದ್ರ ಗೋವಿನಜ್ವಾಳದ ಹಿಟ್ಟು, ಹಂದಿ ಕೊಬ್ಬು, ಕಾಕಂಬಿ. ಮೂರು ಹೊತ್ತೂ ಅದ. ವರ್ಷಾ ಸಾವಿರಗಟ್ಟಲೇ ಮಂದಿ, ಅದರಾಗೂ ಹೆಣ್ಣುಮಕ್ಕಳು ಜಾಸ್ತಿ, ಚರ್ಮ ಸುಟ್ಟಂಗಾಗಿ, ಹೊಟ್ಟಿ ಕೆಟ್ಟು, ಕಡೀಕ ಬುದ್ಧಿ ಭ್ರಮಿಸಿ ಸಾಯ್ತಿದ್ರು. ಅಂಟುಜಡ್ಡು ಅಂತ ಎಲ್ಲಾರೂ ದೂರ ಇಡ್ತಿದ್ರು. ಸರಕಾರದ ಡಾಕ್ಟರ್ ಜೋಸೆಫ್ ಗೋಲ್ಡ್‌ಬರ್ಗರ್, ಇದು ಅಂಟುಜಡ್ಡಲ್ಲ, ಊಟದ ಕೊರತಿ ಅಂತ 1915ರಾಗ ಮಿಸಿಸಿಪ್ಪಿ ಜೇಲಿನ ಕೈದಿಗಳಿಗೆ ಬರೇ ಅಂಥಾ ಊಟ ಕೊಟ್ಟು ತೋರಿಸಿದ್ರು. ಯಾರೂ ನಂಬಲಿಲ್ಲ. ರೋಗಿಗಳ ರಕ್ತ ತಮ್ಮ ಮೈಗೇ ಚುಚ್ಚಿಕೊಂಡ್ರು. ಹೆಂಡತಿ ಮೇರಿನೂ ಚುಚ್ಚಿಸಿಕೊಂಡ್ಲು. ಏನೂ ಆಗಲಿಲ್ಲ. ಕೊರತಿ ನಯಾಸಿನ್ ಅನ್ನೋ ವಿಟಮಿನ್ನಿಂದು ಅಂತ ತಿಳಿದದ್ದು 1937ರಾಗ. ಆ ನಯಾಸಿನ್ ಶೇಂಗಾದಾಗ ಭಾಳ ಐತಿ. ಕಾರ್ವರ್‌ಗೆ ಆ ವಿಟಮಿನ್ನಿನ ಹೆಸರು ಪುಸ್ತಕ ಬರೀವಾಗ ಗೊತ್ತಿರಾಕ ಸಾಧ್ಯ ಇರಲಿಲ್ಲ. ಶೇಂಗಾ ತಿನ್ರಿ ಅಂತ ಬರದು ಇಟ್ಟಿದ್ರು.

ಮುಂದ ಹೈದರಾಬಾದಿನ್ಯಾಗ ಸಿ. ಗೋಪಾಲನ್ ಮತ್ತ ಅವರ ಜೊತಿಯವರು 1960ರ ಸುಮಾರಿಗೆ ಇದ ರೋಗವನ್ನ ನಮ್ಮ ದಖ್ಖನ್ ಸೀಮಿಯ ಬರೇ ಜ್ವಾಳ ತಿನ್ನೋ ಬಡವರಾಗ ಕಂಡು ಬರದ್ರು. ಕೊಳ್ಳಿನ ಸುತ್ತ ಹಾರ ಹಾಕಿದಂಗ ಚರ್ಮ ಕಪ್ಪಾಗಿ ಸುಲೀತದಂತ.

ಅದನ್ನ ಓದಿ ಪುಸ್ತಕ ಮುಚ್ಚಿಟ್ಟೆ. ನಮ್ಮ ತವರಮನ್ಯಾಗ ಎರಿ ಹೊಲ ಹತ್ತಿಗೆ, ಮಸಾರಿ ಹೊಲ ಶೇಂಗಾಕ್ಕ. ಶೇಂಗಾ ಸುಲ್ಯಾಕ ಪಡಸಾಲ್ಯಾಗ ಹತ್ತು ಹನ್ನೆರಡು ಹೆಣ್ಣುಮಕ್ಕಳು ಕೂಡ್ತಿದ್ರು. ಸುಲದಷ್ಟು ಅಳದು ಕೂಲಿ. ನಮ್ಮ ಆಯಿ ಎದುರಿಗೆ ಕೂತು, "ಬಾಯಿ ಆಡಸಬ್ಯಾಡ್ರೆವಾ, ಬೀಜದ ಕಾಳು" ಅಂತಿದ್ಲು. ನಾವು ಮೊಮ್ಮಕ್ಕಳು ಮುಕ್ಕಿದ್ರ ನಗ್ತಿದ್ಲು. ಅವರೊಳಗ ಒಬ್ಬಾಕಿ ಇದ್ಲು, ಹೆಸರು ಬ್ಯಾಡ. ಕೊಳ್ಳಿನ ಸುತ್ತ, ಮುಂಗೈ ಮ್ಯಾಲೆ ಚರ್ಮ ಸುಟ್ಟ ರೊಟ್ಟಿ ಹಂಗ. ನಾವು ಹುಡುಗೂರು ಆಕಿ ಬಾಜೂಕ ಕೂಡತಿದ್ದಿಲ್ಲ, ಅಂಟುತದ ಅಂತ ಯಾರೋ ಹೇಳಿದ್ರು. ಅದು ಈ ರೋಗ ಹೌದೋ ಅಲ್ಲೋ, ಈಗ ಯಾರು ಹೇಳಬೇಕು? ಆಕಿ ತಂದ ಬುತ್ತಿ ಮಾತ್ರ ನೆನಪೈತಿ. ಎರಡು ಒಣ ರೊಟ್ಟಿ, ಉಪ್ಪು, ಹಸಿಮೆಣಸಿನಕಾಯಿ. ತೊಡಿ ಮ್ಯಾಲೆ ಮೊರದ ತುಂಬ ಶೇಂಗಾ.

ನಮ್ಮವ್ವ ಮಧ್ಯಾಹ್ನ ಆಯಿ ಮಲಗಿದಾಗ ಆಕಿ ಸೆರಗಿಗೆ ಒಂದು ಬೊಗಸಿ ಕಟ್ಟಿ ಕಳಿಸಿದ್ದನ್ನ ಒಂದೆರಡು ಸಲ ನಾ ನೋಡೇನಿ. ನಿನ್ನೆ ಬಿಸ್ಕೀಟು ಡಬ್ಬಿ ತಗೊಂಡು ಅಣ್ಣನ ಮನಿಗೆ ಹೋಗಿ ಅವ್ವಗ ಈ ಎಲ್ಲಾ ಕತಿ ಹೇಳಿದೆ. ಹಲ್ಲಿಲ್ಲ, ಚಹಾದಾಗ ಅದ್ದಿ ಅದ್ದಿ ತಿಂದ್ಲು. "ಆಕಿ ನೆನಪೈತೇನವಾ?" ಅಂದೆ. ಭಾಳ ಹೊತ್ತು ಸುಮ್ನ ಇದ್ಲು. "ದಿನಾ ಕೊಡಾಕ ಆಗ್ತಿದ್ದಿಲ್ಲವಾ. ಕ್ವಾಣಿ ಕೀಲಿ ಅತ್ತಿ ಸೊಂಟದಾಗ ಇರ್ತಿತ್ತು" ಅಂದ್ಲು. ಆಮ್ಯಾಲೆ ಇನ್ನೊಂದು ಬಿಸ್ಕೀಟು ತಗೊಂಡು, ಮುಂದಿನ ಸಲ ಬೆಲ್ಲ ಪೂರಾ ಒಂದು ಬಟ್ಟಲ ಹಾಕು ಅಂದ್ಲು. ನಾನಂತೂ ಮುಕ್ಕಾಲೇ ಹಾಕೂದು, ಖರ್ಜೂರದ ಸಿಹಿ ಇರ್ತದ. ನೀವು ನಿಮಗ ಬೇಕಾದಂಗ ನೋಡ್ಕೊಳ್ರಿ.