ಹಳೆಯ ಸ್ಪೋರ್ಟ್ಸ್ ಕಾರಿನ ಪುಡಿಯಾದ ವೈರಿಂಗ್‌ಗೆ ಟೇಪ್ ಸುತ್ತಿದರೆ ಸಾಕೇ?

"ವೈರು ಸ್ವಲ್ಪ ಬಿರುಕು ಬಿಟ್ಟಿದೆ ಅಷ್ಟೇ, ಟೇಪ್ ಸುತ್ತಿ ಓಡಿಸಿ." ಹಳೆಯ ಕಾರು ಇಟ್ಟುಕೊಂಡವರಿಗೆ ಈ ಸಲಹೆ ಒಂದಲ್ಲ ಒಂದು ದಿನ ಸಿಕ್ಕೇ ಸಿಗುತ್ತದೆ. ಖರ್ಚು ಕಡಿಮೆ, ಕೆಲಸ ಹತ್ತು ನಿಮಿಷದ್ದು. ಆದರೆ ಇದು ಸರಿಯಾದ ಸಲಹೆಯೇ?

ಚುಟುಕಾಗಿ ಹೇಳುವುದಾದರೆ, ಒಂದು ಕಡೆ ಉಜ್ಜಿ ಸಿಪ್ಪೆ ಹೋದ ವೈರನ್ನು ದುರಸ್ತಿ ಮಾಡಬಹುದು. ಆದರೆ ಬಿಸಿಗೆ ಸಿಕ್ಕಿ ವೈರಿನ ಹೊದಿಕೆಯೇ ಪುಡಿಯಾಗುತ್ತಿದ್ದರೆ ಟೇಪ್ ಪ್ರಯೋಜನಕ್ಕೆ ಬರುವುದಿಲ್ಲ. ಇಡೀ ಹಾರ್ನೆಸ್ ಬದಲಿಸುವುದೇ ದಾರಿ. ಏಕೆ ಎಂದು ನೋಡೋಣ.

ವೈರಿಂಗ್ ಹಾರ್ನೆಸ್ ಎಂದರೇನು?

ಎಂಜಿನ್‌ನ ಸೆನ್ಸರ್‌ಗಳು, ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳು, ಇಗ್ನಿಷನ್ ಕಾಯಿಲ್ ಇವೆಲ್ಲವನ್ನೂ ಕಾರಿನ ಕಂಪ್ಯೂಟರ್‌ಗೆ, ಅಂದರೆ ಇಸಿಯುಗೆ, ಜೋಡಿಸುವ ವೈರುಗಳ ಕಟ್ಟೇ ಎಂಜಿನ್ ವೈರಿಂಗ್ ಹಾರ್ನೆಸ್. ಎಂಜಿನ್‌ಗೆ ಇದು ನರಮಂಡಲ ಇದ್ದಂತೆ. ಪ್ರತಿ ವೈರಿಗೂ ತನ್ನದೇ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಒಂದು ವೈರು ಇನ್ನೊಂದನ್ನು ಮುಟ್ಟದಂತೆ ಕಾಯುವುದು ಆ ತೆಳು ಹೊದಿಕೆ ಮಾತ್ರ.

ಒಂದು ನಿಜವಾದ ಉದಾಹರಣೆ

ಮರ್ಸಿಡಿಸ್ ಬೆಂಝ್ ಕಂಪನಿಯ ಆರ್129 ಎಸ್ಎಲ್ ಎರಡು ಬಾಗಿಲಿನ, ಮೇಲ್ಛಾವಣಿ ತೆರೆಯುವ ಸ್ಪೋರ್ಟ್ಸ್ ಕಾರು. 1989ರಲ್ಲಿ ಬಂದ ಈ ಮಾದರಿ 2001ರವರೆಗೆ ತಯಾರಾಯಿತು. ಇದರಲ್ಲಿ, ಸುಮಾರಾಗಿ 1992ರಿಂದ 1995ರ ನಡುವೆ ತಯಾರಾದ ಕಾರುಗಳ ಎಂಜಿನ್ ಹಾರ್ನೆಸ್ ಕುಖ್ಯಾತ. ವರ್ಷಗಳು ಕಳೆದಂತೆ ವೈರಿನ ಹೊದಿಕೆ ಗಟ್ಟಿಯಾಗಿ, ಬಗ್ಗಿಸಿದರೆ ಹಪ್ಪಳದಂತೆ ಮುರಿದು ಉದುರುತ್ತದೆ. ಇದೇ ಕಾಲದ, ಇದೇ ಎಂಜಿನ್‌ಗಳಿದ್ದ ಆ ಕಂಪನಿಯ ಡಬ್ಲ್ಯೂ124 ಮತ್ತು ಡಬ್ಲ್ಯೂ140 ಸೆಡಾನ್‌ಗಳಲ್ಲೂ ಈ ತೊಂದರೆ ಕಂಡುಬಂದಿದೆ.

"ಅದು ಪರಿಸರಸ್ನೇಹಿ ವೈರು, ಮಣ್ಣಿನಲ್ಲಿ ಎಲೆ ಕೊಳೆಯುವಂತೆ ಕೊಳೆಯುತ್ತದೆ" ಎಂಬ ಮಾತೂ ಇದೆ. ಹಾಳಾದ ಹಾರ್ನೆಸ್ ಬಿಚ್ಚಿ ನೋಡಿದರೆ ಬೇರೆಯೇ ಕಥೆ ಕಾಣುತ್ತದೆ. ಎಂಜಿನ್ ಮೇಲೆ ಹಾದುಹೋಗುವ ಭಾಗ ಪುಡಿಯಾಗಿದ್ದರೆ, ಎಂಜಿನ್‌ನಿಂದ ದೂರ ಇರುವ ಭಾಗ ಎಷ್ಟೋ ಸಲ ಇನ್ನೂ ಮೆತ್ತಗೇ ಇರುತ್ತದೆ. ಅಂದರೆ ಮುಖ್ಯ ಶತ್ರು ಬಿಸಿ.

ಬಿಸಿ ಏನು ಮಾಡುತ್ತದೆ?

ಪ್ಲಾಸ್ಟಿಕ್ ಹೊದಿಕೆಯ ಉದ್ದನೆಯ ಅಣು ಸರಪಳಿಗಳನ್ನು ಬಿಸಿ ಮತ್ತು ಗಾಳಿಯ ಆಮ್ಲಜನಕ ಸೇರಿ ನಿಧಾನವಾಗಿ ಕೆಡಿಸುತ್ತವೆ. ಪಿವಿಸಿಯಂಥ ಪ್ಲಾಸ್ಟಿಕ್‌ನಲ್ಲಿ ಮೆದುತನಕ್ಕಾಗಿ ಬೆರೆಸಿದ ರಾಸಾಯನಿಕವೂ ಬಿಸಿಗೆ ಆವಿಯಾಗಿ ಹೋಗುತ್ತದೆ. ಉಷ್ಣತೆ ಪ್ರತಿ 10 ಡಿಗ್ರಿ ಏರಿದಾಗ ಇಂಥ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ರಸಾಯನಶಾಸ್ತ್ರದ ಅಂದಾಜು ಲೆಕ್ಕ.

"ನನ್ನ ಕಾರು ಓಡಿದ್ದೇ ಕಡಿಮೆ, ವೈರಿಂಗ್ ಚೆನ್ನಾಗಿಯೇ ಇರುತ್ತದೆ" ಎಂದುಕೊಳ್ಳಬೇಡಿ. ಕಾರು ನಿಲ್ಲಿಸಿದ ಮೇಲೆ ಫ್ಯಾನ್ ಗಾಳಿಯೂ ಇಲ್ಲದೆ, ಬಾನೆಟ್ ಕೆಳಗಿನ ಬಿಸಿ ಸ್ವಲ್ಪ ಹೊತ್ತು ಇನ್ನೂ ಏರುತ್ತದೆ. ಮೀಟರಿನ ಕಿಲೋಮೀಟರ್ ಜೊತೆಗೆ ಕಾರಿನ ವಯಸ್ಸೂ ಲೆಕ್ಕಕ್ಕೆ ಬರುತ್ತದೆ.

ರೋಗ ಒಂದು ಕಡೆ, ಲಕ್ಷಣ ಇನ್ನೊಂದು ಕಡೆ

ಹಾಳಾದ ಹಾರ್ನೆಸ್‌ನ ದೊಡ್ಡ ಕಿರಿಕಿರಿ ಇದು: ತೊಂದರೆ ವೈರಿನಲ್ಲಿದ್ದರೂ ತಪ್ಪು ಬೇರೆ ಭಾಗದ ಮೇಲೆ ಬೀಳುತ್ತದೆ. ಕೂಲೆಂಟ್ ಉಷ್ಣತೆಯ ಸೆನ್ಸರನ್ನೇ ನೋಡಿ. ಇದರ ವಿದ್ಯುತ್ ರೋಧ 20 ಡಿಗ್ರಿಯಲ್ಲಿ ಸುಮಾರು 2,500 ಓಮ್ ಇದ್ದು, 80 ಡಿಗ್ರಿಗೆ ಸುಮಾರು 300 ಓಮ್‌ಗೆ ಇಳಿಯುತ್ತದೆ. ಇಸಿಯು ಈ ರೋಧ ನೋಡಿಯೇ ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ತಿಳಿಯುತ್ತದೆ.

• ಬಿರುಕಿನಿಂದ ತೇವ ಒಳಹೊಕ್ಕು ತಾಮ್ರ ಕಿಲುಬು ಹಿಡಿದರೆ ರೋಧ ಹೆಚ್ಚುತ್ತದೆ. 300 ಓಮ್‌ಗೆ 2,200 ಓಮ್ ಸೇರಿತು ಎನ್ನಿ, ಬಿಸಿ ಎಂಜಿನ್ ಕೂಡ ಇಸಿಯು ಕಣ್ಣಿಗೆ 20 ಡಿಗ್ರಿಯಷ್ಟು ತಣ್ಣಗೆ ಕಾಣುತ್ತದೆ. ಅದು ಬೇಡದಷ್ಟು ಪೆಟ್ರೋಲ್ ಸುರಿಯುತ್ತದೆ. ಕಪ್ಪು ಹೊಗೆ, ಮಸಿ ಹಿಡಿದ ಸ್ಪಾರ್ಕ್ ಪ್ಲಗ್, ಕುಸಿದ ಮೈಲೇಜ್ ಎಲ್ಲ ಇದರ ಫಲ.

• ಸೆನ್ಸರಿನ ಎರಡು ವೈರುಗಳ ಬೆತ್ತಲೆ ತಾಮ್ರ ಒಂದಕ್ಕೊಂದು ತಾಗಿದರೆ ರೋಧ ಇಳಿಯುತ್ತದೆ. ತಣ್ಣನೆಯ ಎಂಜಿನ್ ಬಿಸಿಯಾಗಿದೆ ಎಂದು ಇಸಿಯು ನಂಬುತ್ತದೆ, ಪೆಟ್ರೋಲ್ ಕಡಿಮೆ ಕೊಡುತ್ತದೆ. ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವುದಿಲ್ಲ.

ಎರಡೂ ಸಲ ಗ್ಯಾರೇಜಿನಲ್ಲಿ ಬದಲಾಗುವುದು ಸೆನ್ಸರ್. ತೊಂದರೆ ಮಾತ್ರ ಹಾಗೇ ಉಳಿಯುತ್ತದೆ.

ಇದಕ್ಕಿಂತ ದುಬಾರಿ ಪೆಟ್ಟು ಇನ್ನೊಂದಿದೆ. ಸೆನ್ಸರ್ ವೈರುಗಳಲ್ಲಿ ಇರುವುದು ಸಾಮಾನ್ಯವಾಗಿ 5 ವೋಲ್ಟ್. ಪಕ್ಕದಲ್ಲೇ ಇಂಜೆಕ್ಟರ್, ಕಾಯಿಲ್‌ಗಳ 12 ವೋಲ್ಟ್ ವೈರುಗಳು ಹಾದುಹೋಗುತ್ತವೆ. ಇವೆರಡೂ ತಾಗಿದರೆ ಇಸಿಯು ಸುಡಬಹುದು. ಹಾರ್ನೆಸ್ ಬದಲಿಸದೆ ಹೊಸ ಇಸಿಯು ಹಾಕಿದರೆ ಅದಕ್ಕೂ ಅದೇ ಗತಿ. ಹಾಗಾಗಿ ಮೊದಲು ಹಾರ್ನೆಸ್, ಆಮೇಲೆ ಇಸಿಯು.

ಟೇಪ್ ಏಕೆ ಸಾಲದು?

ಟೇಪ್ ಸುತ್ತಬಹುದಾದದ್ದು ಕಣ್ಣಿಗೆ ಕಾಣುವ ವೈರಿಗೆ. ಹೊರಗಿನ ಕೊಳವೆಯೊಳಗೆ ಹತ್ತಾರು ವೈರುಗಳು ಒಟ್ಟಿಗೇ ಪುಡಿಯಾಗುತ್ತಿರುತ್ತವೆ. ಟೇಪ್ ಸುತ್ತಲು ಬಗ್ಗಿಸಿದಾಗ ಇನ್ನಷ್ಟು ಕಡೆ ಹೊದಿಕೆ ಉದುರುತ್ತದೆ. ಜೊತೆಗೆ ಸಾಮಾನ್ಯ ಟೇಪಿನ ಅಂಟು ಎಂಜಿನ್ ಬಿಸಿಗೆ ಮೆತ್ತಗಾಗಿ ಜಾರಿಬಿಡುತ್ತದೆ.

"ಮನೆ ವೈರಿಂಗ್‌ನ ಒಳ್ಳೆಯ ವೈರು ಹಾಕಿಸಿದರೆ?" ಅದೂ ಬೇಡ. ನಮ್ಮ ಮನೆಗಳಿಗೆ ಎಳೆಯುವ ಸಾಮಾನ್ಯ ಪಿವಿಸಿ ವೈರು 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಳಕೆಗೆ ತಯಾರಾದದ್ದು. ಎಂಜಿನ್ ಕೂಲೆಂಟೇ 90 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಎಂಜಿನ್ ಮೇಲಿನ ವೈರು ಕನಿಷ್ಠ 125 ಡಿಗ್ರಿ ತಡೆಯುವ, ವಾಹನಕ್ಕೆಂದೇ ತಯಾರಾದ, ನಡುಕಕ್ಕೆ ಮುರಿಯದ ಸಣ್ಣ ಎಳೆಗಳ ವೈರಾಗಿರಬೇಕು.

ಬದಲಿಸುವಾಗ ಗಮನಿಸಬೇಕಾದದ್ದು

1. ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿಸಿ.

2. ಹಳೆಯ ಹಾರ್ನೆಸ್ ತೆಗೆಯುವ ಮುನ್ನ ಪ್ರತಿ ಕನೆಕ್ಟರ್‌ನ ಫೋಟೊ ತೆಗೆದು, ಚೀಟಿ ಅಂಟಿಸಿ. ಒಂದೇ ಆಕಾರದ ಕನೆಕ್ಟರ್‌ಗಳು ಅದಲು ಬದಲಾದರೆ ಹೊಸ ತಲೆನೋವು.

3. ಕನೆಕ್ಟರ್ ಹಿಡಿದು ಬಿಚ್ಚಬೇಕು, ವೈರು ಹಿಡಿದು ಎಳೆಯಬಾರದು. ಹಳೆಯ ಪ್ಲಾಸ್ಟಿಕ್ ಕ್ಲಿಪ್‌ಗಳು ಬೇಗ ಮುರಿಯುತ್ತವೆ.

4. ಹೊಸ ಹಾರ್ನೆಸ್ ಮೂಲ ದಾರಿಯಲ್ಲೇ ಸಾಗಬೇಕು, ಮೂಲ ಕ್ಲ್ಯಾಂಪ್‌ಗಳಲ್ಲೇ ಕೂರಬೇಕು. ಸೈಲೆನ್ಸರ್ ಕೊಳವೆಗೆ ತಾಗಬಾರದು.

5. ಅರ್ಥ್ ಜೋಡಣೆಯ ಜಾಗಗಳ ತುಕ್ಕನ್ನು ಚೆನ್ನಾಗಿ ಉಜ್ಜಿ ತೆಗೆಸಿ.

6. ಥ್ರಾಟಲ್ ಆಕ್ಚುಯೇಟರ್‌ನ ವೈರುಗಳನ್ನೂ ನೋಡಿಸಿ. ಆರ್129ರ ಕೆಲವು ಎಂಜಿನ್‌ಗಳಲ್ಲಿ ಅವೂ ಇದೇ ರೀತಿ ಪುಡಿಯಾಗುತ್ತವೆ.

7. ಫ್ಯೂಸ್ ಪದೇಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ. ಫ್ಯೂಸ್ ಉಳಿದು ವೈರಿಗೇ ಬೆಂಕಿ ಹತ್ತಬಹುದು.

ಹೊಸ ಹಾರ್ನೆಸ್ ಸಿಗದಿದ್ದರೆ, ಹಳೆಯದನ್ನೇ ಮಾದರಿಯಾಗಿಟ್ಟುಕೊಂಡು ಸರಿಯಾದ ದರ್ಜೆಯ ವೈರಿನಿಂದ ಹೊಸದಾಗಿ ಕಟ್ಟಿಸಬಹುದು. ಸೆಕೆಂಡ್ ಹ್ಯಾಂಡ್ ಹಾರ್ನೆಸ್ ಅಗ್ಗಕ್ಕೆ ಸಿಕ್ಕರೂ, ಅದೇ ವರ್ಷಗಳ ಕಾರಿನದ್ದಾದರೆ ಅದೂ ಪುಡಿಯಾಗುವ ಸರದಿಯಲ್ಲೇ ಇರುತ್ತದೆ.

ಕಾರು ಕೊಳ್ಳುವ ಮುನ್ನ ಹೀಗೆ ನೋಡಿ

ಈ ಕಾರುಗಳ ಹಾರ್ನೆಸ್ ಮೇಲೆ ತಯಾರಾದ ದಿನಾಂಕದ ಚೀಟಿ ಇರುತ್ತದೆ. 1994ರ ಕಾರಿನಲ್ಲಿ ಅದಕ್ಕಿಂತ ವರ್ಷಗಳ ನಂತರದ ದಿನಾಂಕ ಕಂಡರೆ ಹಾರ್ನೆಸ್ ಒಮ್ಮೆ ಬದಲಾಗಿದೆ ಎಂದರ್ಥ. ಚೀಟಿ ಸಿಗದಿದ್ದರೆ, ಎಂಜಿನ್ ಆರಿಸಿ ತಣ್ಣಗಾದ ಮೇಲೆ ಕನೆಕ್ಟರ್‌ನ ಹಿಂದಿನ ರಬ್ಬರ್ ಟೋಪಿಯನ್ನು ಸ್ವಲ್ಪ ಸರಿಸಿ ನೋಡಿ. ಮೆತ್ತಗಿದ್ದರೆ ಸರಿ. ಬಿರುಕು ಅಥವಾ ಬೆತ್ತಲೆ ತಾಮ್ರ ಕಂಡರೆ ಕಾರಿನ ಬೆಲೆಗೆ ಹಾರ್ನೆಸ್ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಇಲಿ ಕಡಿದಿದ್ದರೆ ಹಲ್ಲಿನ ಗುರುತು ಒಂದೆರಡು ಕಡೆ ಇರುತ್ತದೆ. ಬಿಸಿಯಿಂದ ಹಾಳಾಗಿದ್ದರೆ ಬಿರುಕು ವೈರಿನ ಉದ್ದಕ್ಕೂ ಇರುತ್ತದೆ.

ಕೊನೆಯ ಮಾತು

ಹಳೆಯ ಕಾರು ಒಂದೊಂದು ದಿನ ಒಂದೊಂದು ತೊಂದರೆ ತೋರಿಸುತ್ತಿದ್ದರೆ, ಮುಂದಿನ ಸೆನ್ಸರ್ ಕೊಳ್ಳುವ ಮುನ್ನ ಅದಕ್ಕೆ ಹೋಗುವ ವೈರನ್ನು ನೋಡಿಸಿ. ಟೇಪ್ ಸಲಹೆ ಕೊಟ್ಟ ಗೆಳೆಯರಿಗೂ ಇದನ್ನು ಕಳುಹಿಸಿ. ಅವರ ಬಾನೆಟ್ ಕೆಳಗೂ ಇಂಥದ್ದೇ ವೈರು ಇರಬಹುದು.