ಪರಾಕು ಹೇಳುವವರ ಆಯ್ಕೆ: ಠಾಣೆ–ಡೊಂಬಿವಲಿಯ ಎರಡು ಒಡ್ಡೋಲಗಗಳು

ಅರಸನ ಬರವನ್ನು ಸಭೆಗೆ ಸಾರುವವರು ಕನ್ನಡದಲ್ಲಿ ವಂದಿಮಾಗಧರು, ಹೊಗಳುಭಟ್ಟರು, ಮರಾಠಿಯಲ್ಲಿ ಭಾಲದಾರ-ಚೋಪದಾರರು. ಮೈಸೂರು ಅರಮನೆಯ ಖಾಸಗಿ ದರ್ಬಾರಿನಲ್ಲಿ ಬಹುಪರಾಕ್ ಇಂದಿಗೂ ಕೇಳಿಸುತ್ತದೆ. ಅರಮನೆಯೇ ಇಲ್ಲದ ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ಪರಾಕು ಹೇಳುವ ಪದ್ಧತಿ ಉಳಿದಿರುವುದು ಎರಡು ಕಡೆ: ಶಿವಾಜಿಯ ಆಸ್ಥಾನವನ್ನು ಮತ್ತೆ ಕಟ್ಟಿ ತೋರಿಸುವ ಮೆರವಣಿಗೆಗಳಲ್ಲಿ ಮತ್ತು ಕರಾವಳಿಯಿಂದ ಬಂದು ನೆಲೆಸಿದವರ ಯಕ್ಷಗಾನ ರಂಗಸ್ಥಳದಲ್ಲಿ.

ಬಿರುದು ಸಾರುವ ಪದ್ಧತಿ ಈ ನೆಲಕ್ಕೆ ಹೊಸದಲ್ಲ. ಉತ್ತರ ಕೊಂಕಣವನ್ನಾಳಿದ ಶಿಲಾಹಾರರಿಗೆ ಸ್ಥಾನಕ, ಅಂದರೆ ಇಂದಿನ ಠಾಣೆ, ಮುಖ್ಯ ಪಟ್ಟಣ. ತಗರಪುರಪರಮೇಶ್ವರ, ಸುವರ್ಣಗರುಡಧ್ವಜ ಮುಂತಾದ ಬಿರುದುಗಳು ಅವರ ಶಾಸನಗಳಲ್ಲಿ ಸಾಲುಗಟ್ಟಿವೆ. ರಾಷ್ಟ್ರಕೂಟರ ಮಾಂಡಲಿಕರಾಗಿದ್ದ ಈ ಮನೆತನದ ಸಂಸ್ಕೃತ ಶಾಸನಗಳಲ್ಲಿ ಮಲಗಳಗಂಡ, ನನ್ನಿಸಮುದ್ರದಂಥ ಕನ್ನಡದ ಬಿರುದುಗಳೂ ಸೇರಿಕೊಂಡಿವೆ.

ಡೊಂಬಿವಲಿಯಲ್ಲಿ 1999ರಲ್ಲಿ ಗಣೇಶ ಮಂದಿರ ಸಂಸ್ಥಾನವು ಆರಂಭಿಸಿದ ಯುಗಾದಿಯ ಶೋಭಾಯಾತ್ರೆ ಮುಂದೆ ಠಾಣೆ, ಕಲ್ಯಾಣಗಳಿಗೂ ಹರಡಿತು. ಇಂಥ ಮೆರವಣಿಗೆಗಳಲ್ಲಿ, ಶಿವಜಯಂತಿಯಲ್ಲಿ, 1674ರ ಜೂನ್ 6ರಂದು ರಾಯಗಡದಲ್ಲಿ ನಡೆದ ಪಟ್ಟಾಭಿಷೇಕದ ಸ್ಮರಣೆಯಲ್ಲಿ ಶಿವಾಜಿ ವೇಷಧಾರಿಯ ಮುಂದೆ ನಿಂತವನು ‘ಗಾರದ್’ ಕೂಗುತ್ತಾನೆ. ಗಾರದ್ ಎಂದರೆ ಬಿರುದುಗಳ ಒಂದು ಮಾಲೆ; ಅದರ ಪಾಠ ಹೆಚ್ಚುಕಡಿಮೆ ಸ್ಥಿರ. ಆದ್ದರಿಂದ ಆಯ್ಕೆಯಲ್ಲಿ ನೋಡಬೇಕಾದದ್ದು ಕಂಠವನ್ನು. ಉದ್ದುದ್ದ ಸಂಸ್ಕೃತ ಸಮಾಸಗಳನ್ನು ಒಂದೇ ಉಸಿರಿನಲ್ಲಿ, ಅಕ್ಷರ ನುಂಗದೆ, ಢೋಲು-ತಾಶೆಗಳ ಸದ್ದನ್ನು ಮೀರಿ ಹೇಳಬಲ್ಲವನು ಬೇಕು.

ಪಶ್ಚಿಮದ ಮಧ್ಯಯುಗ ಪುನರಭಿನಯ ಕೂಟಗಳು ಬಿರುದು ಸಾರುವ ಈ ಕೆಲಸವನ್ನೇ ಒಂದು ಹುದ್ದೆಯಾಗಿ ರೂಪಿಸಿವೆ. 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಹುಟ್ಟಿದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಮ್‌ನಲ್ಲಿ ಪ್ರತಿ ‘ರಾಜ್ಯ’ಕ್ಕೂ ಒಬ್ಬ ಪ್ರಧಾನ ಘೋಷಕನಿದ್ದಾನೆ. ಆದರೂ ಸಭೆಯಲ್ಲಿ ಯಾರ ದನಿ ಕೇಳಬೇಕೆಂಬುದು ಬಹುಮಟ್ಟಿಗೆ ಕಾಳಗದಲ್ಲಿ ಗೆದ್ದು ಕೆಲವು ತಿಂಗಳ ಮಟ್ಟಿಗೆ ಪಟ್ಟವೇರಿದ ಅರಸನ ಇಷ್ಟಕ್ಕೆ ಬಿಟ್ಟದ್ದು.

ಯಕ್ಷಗಾನದ ದಾರಿ ಬೇರೆ, ಹೆಚ್ಚು ಸೂಕ್ಷ್ಮ. ಇಲ್ಲಿ ಒಡ್ಡೋಲಗದ ಅರಸನನ್ನು ಮಾತಿಗೆಳೆದು ಸಭೆಗೆ ಪರಿಚಯಿಸುವವನು ಪದ್ಯ ಹಾಡುವ ಭಾಗವತ. ಅರಸ ತನ್ನ ಬಿರುದು, ವಂಶಗಳನ್ನು ತಾನೇ ಅರ್ಥದಲ್ಲಿ, ಅಂದರೆ ಆಡುಮಾತಿನಲ್ಲಿ, ಬಿಡಿಸಿ ಹೇಳುತ್ತಾನೆ. ಘೋಷಕನ ಕೆಲಸಕ್ಕೆ ಹತ್ತಿರವಾದ, ಸುದ್ದಿ ತರುವ ದೂತ, ಚಾರಕ, ವನಪಾಲಕ ಪಾತ್ರಗಳು ಹಾಸ್ಯಗಾರನ ಪಾಲಿಗೆ ಬರುತ್ತವೆ. ಬರೆದಿಟ್ಟ ಮಾತಿಲ್ಲ, ಪದ್ಯ ಮಾತ್ರ ನಿಗದಿ. ಹಾಗಾಗಿ ದೂತನಿಗೆ ದೊಡ್ಡ ದನಿಗಿಂತ ಪ್ರಸಂಗದ ನಡೆ ತಿಳಿದಿರಬೇಕು, ಎದುರು ವೇಷದ ಮಾತಿನ ಎಳೆ ಹಿಡಿಯುವ ಚುರುಕಿರಬೇಕು, ನಗಿಸುತ್ತಲೇ ಅರಸನ ಘನತೆ ಕಾಯುವ ಹದ ಗೊತ್ತಿರಬೇಕು. ಈ ಮೂರನೆಯದು ಎಲ್ಲಕ್ಕಿಂತ ಕಷ್ಟ. ಇದು ಅನುಭವದಿಂದ ಮಾತ್ರ ಬರುವಂಥದ್ದು. ಪಾತ್ರ ಹಂಚುವ ಅಧಿಕಾರ ಸಂಪ್ರದಾಯದಂತೆ ಭಾಗವತನದು. ದೂತನ ಪಾತ್ರವನ್ನು ಹೊಸಬರಿಗೆ ಸುಮ್ಮನೆ ಕೊಡುವ ಚಿಲ್ಲರೆ ವೇಷವೆಂದು ಎಣಿಸುವುದು ತಪ್ಪು.

ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಯ ದಿನದ ನಂತರ ಕರಾವಳಿಯ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ವೃತ್ತಿ ಕಲಾವಿದರು ಮುಂಬಯಿ ಕಡೆ ಬಂದಾಗ ಸ್ಥಳೀಯ ಹವ್ಯಾಸಿಗಳು ಅವರ ಜೊತೆ ವೇಷ ಕಟ್ಟುವುದುಂಟು. ದೂತನ ಕಲೆಯನ್ನು ಹತ್ತಿರದಿಂದ ಕಲಿಯಲು ಅದೇ ಸಮಯ. ಮರಾಠಿ, ಇಂಗ್ಲಿಷ್ ಶಾಲೆಗಳಲ್ಲಿ ಓದುವ ಮಕ್ಕಳ ಪ್ರದರ್ಶನಗಳಲ್ಲಾದರೋ ಅರ್ಥವನ್ನು ಬರೆದುಕೊಟ್ಟು ಬಾಯಿಪಾಠ ಮಾಡಿಸಬೇಕಾಗುತ್ತದೆ. ಮಾತು ಹೀಗೆ ಸ್ಥಿರವಾದಲ್ಲಿ ಆಯ್ಕೆಯ ಅಳತೆಯೂ ಗಾರದ್‌ನ ಕಡೆಗೆ ವಾಲುತ್ತದೆ: ಸ್ಪಷ್ಟ ಉಚ್ಚಾರ, ನೆನಪು, ದನಿ. ಹಾಸ್ಯಗಾರನ ಆಶುಮಾತಿಗೆ ಬೇಕಾದ ಕನ್ನಡ ಆ ಮಕ್ಕಳ ನಾಲಿಗೆಗೆ ಹತ್ತುವವರೆಗೆ ಬೇರೆ ಉಪಾಯವಿಲ್ಲ.