‘ಮೊನ್ನೆ’ ಎಷ್ಟು ದಿನದ ಹಿಂದೆ? ಸಮೀಪ ಭೂತವಾಚಕವೊಂದರ ಅರ್ಥವಿಚಾರ

‘ಮೊನ್ನೆ’ಗೆ ನಿನ್ನೆಯ ಹಿಂದಿನ ದಿನ ಎಂಬುದು ಮುಖ್ಯಾರ್ಥ, ‘ಇತ್ತೀಚೆಗೆ’ ಎಂಬುದು ಅದು ಸಡಿಲಗೊಂಡು ಹುಟ್ಟಿದ ಲಕ್ಷ್ಯಾರ್ಥ ಎಂದು ವಿವರಿಸುವುದು ವಾಡಿಕೆ. ಪದದ ಬೇರು ‘ಮುನ್’ ಎಂಬ ಬಗ್ಗೆ ಹೆಚ್ಚು ತಕರಾರಿಲ್ಲ; ತೆಲುಗಿನ ‘ಮೊನ್ನ’ ಇದರ ಜ್ಞಾತಿಪದವೆಂಬುದೂ ಒಪ್ಪಿತವೇ. ನನ್ನ ಆಕ್ಷೇಪವಿರುವುದು ಆ ‘ಸಡಿಲಿಕೆ’ಯ ಬಗೆಗೆ.

‘ಇತ್ತೀಚೆಗೆ ಅವನು ಸಿಗುತ್ತಲೇ ಇಲ್ಲ’ ಎನ್ನುತ್ತೇವೆ. ಅಲ್ಲಿ ‘ಮೊನ್ನೆ’ ಹಾಕಿದರೆ ವಾಕ್ಯ ಕೆಡುತ್ತದೆ. ‘ಇತ್ತೀಚೆಗೆ’ ಮಾತಿನ ಹೊತ್ತಿನವರೆಗೂ ಹಬ್ಬಬಲ್ಲ ಅವಧಿ. ‘ಮೊನ್ನೆ’ ಮುಗಿದುಹೋದ ಒಂದು ಸಂದರ್ಭ. ‘ಮೊನ್ನೆ ಮದುವೆಯಲ್ಲಿ ಸಿಕ್ಕಿದ್ದ’ ಎಂದಾಗ ಮದುವೆ ಮುಗಿದು ಹದಿನೈದು ದಿನವಾಗಿರಬಹುದು. ಆದರೆ ಯಾವ ಮದುವೆ ಎಂಬುದು ಕೇಳುವವರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಹಾಗಾಗಿ ಎರಡನ್ನೂ ಸಮಾನಾರ್ಥಕವೆನ್ನುವುದು ಕಷ್ಟ.

ವಾರದ ಹೆಸರುಗಳು ಇನ್ನೂ ಖಚಿತ ಸಾಕ್ಷ್ಯ ಕೊಡುತ್ತವೆ. ಶುಕ್ರವಾರದಂದು ‘ಮೊನ್ನೆ ಭಾನುವಾರ’ ಎನ್ನಬಹುದು, ನಡುವೆ ಐದು ದಿನ ಸಂದಿದ್ದರೂ. ಸೋಮವಾರ ಹಾಗೆನ್ನಲು ಬಾರದು. ಅಂದಿಗೆ ಭಾನುವಾರ ‘ನಿನ್ನೆ’. ಅಂದರೆ ಎಣಿಕೆಗೆ ಕಟ್ಟುಬಿದ್ದಿರುವ ಪದ ‘ನಿನ್ನೆ’ ಮಾತ್ರ. ಅದನ್ನು ಬಿಟ್ಟು, ಅದಕ್ಕೂ ಮುಂಚಿನ, ನೆನಪಿಗೆ ಎಟಕುವ ದಿನವೇ ‘ಮೊನ್ನೆ’. ಬೇರೆ ಸುಳಿವಿಲ್ಲದಾಗ ನಿನ್ನೆಗೆ ತಾಗಿಕೊಂಡ ದಿನ ಮೊದಲು ಹೊಳೆಯುವುದರಿಂದ ‘ಎರಡು ದಿನ’ ಎಂಬ ಲೆಕ್ಕ ಹುಟ್ಟಿದೆ ಎಂಬುದು ನನ್ನ ಊಹೆ. ‘ಮೊನ್ನೆ ಮೊನ್ನೆ’ ಎಂಬ ದ್ವಿರುಕ್ತಿಯೂ ಇದಕ್ಕೆ ಒದಗಿಬರುತ್ತದೆ. ಎಣಿಕೆಯ ಪದವಾಗಿದ್ದರೆ ಅದು ನಾಲ್ಕು ದಿನ ಹಿಂದಕ್ಕೆ ಹೋಗಬೇಕಿತ್ತು. ಹೋಗುವ ಬದಲು ಇನ್ನಷ್ಟು ಹತ್ತಿರ ಬರುತ್ತದೆ!

ಇದನ್ನು ಇಂದಿನ ಆಡುಮಾತಿನ ಮಟ್ಟಿಗಷ್ಟೇ ಹೇಳುತ್ತಿದ್ದೇನೆ. ಎದುರು ಸಾಕ್ಷ್ಯವೂ ಇದೆ. ‘ಆಚೆ ಮೊನ್ನೆ’ ಎಂದು ಮೂರು ದಿನ ಹಿಂದಕ್ಕೆ ಹೋಗಬೇಕಾದರೆ ‘ಮೊನ್ನೆ’ ಎರಡಕ್ಕೆ ನಿಂತಿರಲೇಬೇಕು. ‘ನಾಡಿದ್ದು ಭಾನುವಾರ’ ಎಂಬ ಬಳಕೆ ಇನ್ನೂ ತೊಡಕಿನದು: ಅಲ್ಲಿಯೂ ಲೆಕ್ಕ ಹೀಗೆಯೇ ಜಾರುತ್ತದೆ, ಆದರೆ ‘ನಾಡಿದ್ದು’ವಿಗೆ ‘ಮುನ್’ ಮೂಲವಲ್ಲ. ಹಾಗಿದ್ದರೆ ಕಾರಣ ಬೇರಿನಲ್ಲಿಲ್ಲ, ವಾರದ ಹೆಸರಿನೊಂದಿಗಿನ ಪ್ರಯೋಗದಲ್ಲಿದೆ ಎಂದು ವಾದಿಸಬಹುದು. ಆದರೂ ‘ನಾಡಿದ್ದು ನಾಡಿದ್ದು’ ಎಂದು ಯಾರೂ ಅನ್ನುವುದಿಲ್ಲ; ಮೊನ್ನೆಯ ವಿಶೇಷ ಅಷ್ಟರ ಮಟ್ಟಿಗೆ ಉಳಿಯುತ್ತದೆ.

‘ನಿನ್ನೆ ಮೊನ್ನೆ ಬಂದವನು’ ಎಂಬ ಮೂದಲಿಕೆ ಜೋಡುನುಡಿಯ ವಿಷಯ. ಅದರ ಚರ್ಚೆ ಇಲ್ಲಿ ಬೇಡ.

ಈ ಎರಡು ಅರ್ಥಗಳಲ್ಲಿ ಯಾವುದು ಮೊದಲಿನದು ಎಂಬ ಚರಿತ್ರೆಯ ಪ್ರಶ್ನೆಗೆ ಶಾಸನಗಳಿಂದ ನೆರವು ನಿರೀಕ್ಷಿಸುವಂತಿಲ್ಲ. ಅವು ಶಕವರ್ಷ, ತಿಥಿ, ವಾರ ಹೇಳುತ್ತವೆ. ಆಡುವವರ ‘ಇಂದು’ ಇಲ್ಲದೆ ‘ಮೊನ್ನೆ’ಗೆ ನೆಲೆಯಿಲ್ಲ. ಕಾವ್ಯಗಳ ಸಂಭಾಷಣೆ, ಹಳೆಯ ಕಾಗದಪತ್ರಗಳನ್ನು ಸೋಸಬೇಕು. ತೆಲುಗಿನಲ್ಲೂ ‘ಮೊನ್ನ ಆದಿವಾರಂ’ ಎಂಬ ಇಂಥದೇ ಪ್ರಯೋಗವಿರುವುದು ಸಮಾನ ಪರಂಪರೆಯೋ ನೆರೆಹೊರೆಯ ಕೊಡುಕೊಳೆಯೋ ಎಂಬುದನ್ನು ಅದಾದ ಮೇಲೆಯೇ ಕೇಳಬಹುದು.